ಬಾಟ್ಲಿಯೊಳಗೆ ಇರೋದು ಐದು ಚಮಚೆ ಸಕ್ಕರೆ!

ಸುಸ್ತಾದರೆ ಗ್ಲೂಕೋಸು, ಜ್ವರ ಬಂದರೆ ಸೂಜಿ: ಈ ರೂಢಿಯಿಂದ ಲಾಭ ಯಾರಿಗೆ? ನಷ್ಟ ಯಾರಿಗೆ?

ದಾವಣಗೆರೆ: ಸಂಜೆ ಏಳು ಗಂಟೆಯ ಹೊತ್ತಿಗೆ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಗಿರಾಕಿಗಳ ಗದ್ದಲ ಎಷ್ಟಿರುತ್ತದೋ ಗಲ್ಲಿ ಗಲ್ಲಿಯ ಕ್ಲಿನಿಕ್ಕುಗಳ ಮುಂದೆಯೂ ಅಷ್ಟೇ ಗದ್ದಲ. ಬೆಂಚಿನ ಮೇಲೆ ಕೂತವರಲ್ಲಿ ಹಮಾಲರಿರುತ್ತಾರೆ, ಬಟ್ಟೆ ಅಂಗಡಿಯ ಗುಮಾಸ್ತರಿರುತ್ತಾರೆ, ಹರಿಹರದಿಂದಲೋ ಜಗಳೂರಿನಿಂದಲೋ ಬಸ್ಸಿಳಿದು ಬಂದವರಿರುತ್ತಾರೆ. ಒಬ್ಬೊಬ್ಬರದು ಒಂದೊಂದು ದೂರು. ಒಬ್ಬರಿಗೆ ಮೈ-ಕೈ ನೋವು, ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಊಟ ಸೇರದು. ಆದರೆ ಕೇಳುವ ಔಷಧಿ ಮಾತ್ರ ಬಹುಪಾಲು ಒಂದೇ.

"ಡಾಕ್ಟ್ರೇ, ಭಾಳ ಸುಸ್ತಾಗೈತ್ರಿ. ಒಂದು ಬಾಟ್ಲಿ ಹಾಕಿಬಿಡ್ರಿ. ನಾಳೆ ಅಂಗಡಿ ಬಾಗ್ಲು ತೆಗೀಬೇಕು."

ಬಾಟ್ಲಿ ಎಂದರೆ ಗ್ಲೂಕೋಸು. ಕಬ್ಬಿಣದ ಸ್ಟ್ಯಾಂಡಿಗೆ ತೂಗುಹಾಕಿದ ಅರ್ಧ ಲೀಟರಿನ ಪ್ಲಾಸ್ಟಿಕ್ ಸೀಸೆ. ಅದರಿಂದ ಕೊಳವೆ, ಕೊಳವೆಯ ತುದಿಗೆ ಸೂಜಿ, ಸೂಜಿ ಕೈಯ ನರಕ್ಕೆ. ತೊಟ್ಟು ತೊಟ್ಟಾಗಿ ಇಳಿಯುವ ಆ ನೀರಿನಲ್ಲಿ ಪ್ರಾಣವೇ ಇದೆ ಎಂಬ ನಂಬಿಕೆ ಪೇಟೆಯಲ್ಲೂ ಇದೆ, ಹಳ್ಳಿಯಲ್ಲೂ ಇದೆ. ದಿನಗೂಲಿಯವರು ಎರಡು ದಿನದ ಕೂಲಿ ಕೊಟ್ಟಾದರೂ ಹಾಕಿಸಿಕೊಳ್ಳುತ್ತಾರೆ. ಹಾಕದ ಡಾಕ್ಟರು "ಏನೂ ಬಾರದ ಡಾಕ್ಟ್ರು" ಎನ್ನಿಸಿಕೊಳ್ಳುತ್ತಾರೆ!

ಇಷ್ಟೆಲ್ಲಾ ಮಹಿಮೆಯ ಬಾಟ್ಲಿಯೊಳಗೆ ಇರುವುದಾದರೂ ಏನು?

ಬಾಟ್ಲಿಯ ಲೆಕ್ಕ

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಬಾಟ್ಲಿಯ ಮೇಲೆಯೇ ಅಚ್ಚಾಗಿರುತ್ತದೆ: ಡೆಕ್ಸ್‌ಟ್ರೋಸ್ 5 ಪರ್ಸೆಂಟ್. ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸೇ. ನೂರು ಮಿಲಿಲೀಟರಿಗೆ 5 ಗ್ರಾಂ. 500 ಮಿಲಿಲೀಟರಿನ ಬಾಟ್ಲಿಯಲ್ಲಿ 25 ಗ್ರಾಂ. ಅಂದರೆ ಟೀ ಚಮಚೆಯ ಲೆಕ್ಕದಲ್ಲಿ ಐದಾರು ಚಮಚೆ ಸಕ್ಕರೆ. ಮಿಕ್ಕದ್ದೆಲ್ಲಾ ಶುದ್ಧ ಮಾಡಿದ ನೀರು.

ಇದರಿಂದ ಸಿಗುವ ಶಕ್ತಿ ಸುಮಾರು 100 ಕ್ಯಾಲೊರಿ. ಒಂದು ದೊಡ್ಡ ಬಾಳೆಹಣ್ಣು ತಿಂದರೂ ಅಷ್ಟೇ ಸಿಗುತ್ತದೆ. ದುಡಿಯುವ ಗಂಡಾಳಿಗೆ ದಿನಕ್ಕೆ ಎರಡು ಸಾವಿರ ಕ್ಯಾಲೊರಿಗೂ ಹೆಚ್ಚು ಬೇಕು. ಬರೀ ಬಾಟ್ಲಿಯಿಂದಲೇ ಆ ಶಕ್ತಿ ತುಂಬುವುದಾದರೆ ದಿನಕ್ಕೆ ಇಪ್ಪತ್ತು ಬಾಟ್ಲಿ ಹಾಕಬೇಕಾದೀತು! ಒಂದು ತಟ್ಟೆ ಅನ್ನ-ಸಾರಿನ ಕೆಲಸವನ್ನು ಒಂದು ಬಾಟ್ಲಿ ಮಾಡಲಾರದು.

ಇನ್ನೊಂದು ಬಾಟ್ಲಿ ಇದೆ, ಎನ್‌ಎಸ್ ಎನ್ನುತ್ತಾರೆ. ನಾರ್ಮಲ್ ಸಲೈನ್. ಅದರಲ್ಲಿ ಸಕ್ಕರೆಯೂ ಇಲ್ಲ. 0.9 ಪರ್ಸೆಂಟ್ ಉಪ್ಪು. ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ, ಒಂದು ಟೀ ಚಮಚೆಗೂ ಕಡಿಮೆ. ಮೂರನೆಯದು ಆರ್‌ಎಲ್, ಅಂದರೆ ರಿಂಗರ್ ಲ್ಯಾಕ್ಟೇಟ್. ಅದರಲ್ಲಿ ಉಪ್ಪಿನ ಜೊತೆಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್ ಇರುತ್ತವೆ. ಜನ ಮೂರನ್ನೂ "ಗ್ಲೂಕೋಸು" ಎಂದೇ ಕರೆಯುತ್ತಾರೆ. ಆದರೆ ಮೂರರ ಕೆಲಸವೂ ಬೇರೆ ಬೇರೆ. ಯಾರಿಗೆ ಯಾವುದು, ಎಷ್ಟು, ಎಷ್ಟು ಹೊತ್ತಿನಲ್ಲಿ ಎಂಬುದನ್ನು ರೋಗಿಯನ್ನು ನೋಡಿ ನಿರ್ಧರಿಸಬೇಕೇ ಹೊರತು ರೋಗಿಯ ಬಾಯಿಮಾತಿನ ಮೇಲಲ್ಲ.

ಹಾಗಾದರೆ ಸುಸ್ತು ಹೋಗೋದು ಹೇಗೆ?

"ಅದೆಲ್ಲಾ ಸರಿ. ಆದ್ರೆ ಹಾಕಿಸ್ಕಂಡ ಮೇಲೆ ಆರಾಮ ಅನ್ಸೋದು ಸುಳ್ಳೇನ್ರಿ?" ಎಂದು ಯಾರಾದರೂ ಕೇಳಿಯಾರು. ಸುಳ್ಳಲ್ಲ. ಆರಾಮ ಅನ್ನಿಸುತ್ತದೆ. ಕಾರಣ ಬಾಟ್ಲಿಯೊಳಗೆ ಮಾತ್ರ ಇಲ್ಲ, ಅಷ್ಟೇ.

ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದವರು, ಮಧ್ಯಾಹ್ನ ಊಟಕ್ಕೆ ಹೊತ್ತಾಯಿತೆಂದು ಚಹಾ ಕುಡಿದೇ ಕಳೆದವರು, ನೀರು ಕುಡಿಯಲೂ ಪುರುಸೊತ್ತಿಲ್ಲದೆ ನಿಂತೇ ದುಡಿದವರು ಒಂದೂವರೆ ಗಂಟೆ ಫ್ಯಾನಿನ ಕೆಳಗೆ ಕಾಲು ಚಾಚಿ ಮಲಗುತ್ತಾರೆ. ಮೈಗೆ ಅರ್ಧ ಲೀಟರು ನೀರು ಸೇರುತ್ತದೆ. ಯಾರೋ ಬಂದು ನಾಡಿ ಹಿಡಿದು "ಏನಾಗಲ್ಲ ಬಿಡ್ರಿ" ಎನ್ನುತ್ತಾರೆ. ಆರಾಮ ಆಗದೆ ಇನ್ನೇನಾದೀತು? ಅದೇ ನೀರನ್ನು ಬಾಯಲ್ಲಿ ಕುಡಿದು, ಅಷ್ಟೇ ಹೊತ್ತು ಮನೆಯ ಚಾಪೆಯ ಮೇಲೆ ಮಲಗಿದ್ದರೂ ಬಹುಪಾಲು ಇದೇ ಫಲ ಸಿಗುತ್ತಿತ್ತು. ಖರ್ಚು ಮಾತ್ರ ಇರುತ್ತಿರಲಿಲ್ಲ.

ಇನ್ನೊಂದು ಕಾರಣವೂ ಉಂಟು. ವೈರಸ್ ಜ್ವರ, ನೆಗಡಿ ಬಹುತೇಕ ಮೂರರಿಂದ ಐದು ದಿನದಲ್ಲಿ ತಾನಾಗಿಯೇ ಇಳಿಯುವಂಥವು. ಜನ ಮೊದಲೆರಡು ದಿನ ಮನೆಯಲ್ಲೇ ಕಷಾಯ ಕುಡಿಯುತ್ತಾರೆ, ಮೂರನೇ ದಿನ ಬಾಟ್ಲಿ ಹಾಕಿಸುತ್ತಾರೆ. ನಾಲ್ಕನೇ ದಿನ ಜ್ವರ ಇಳಿಯುತ್ತದೆ. ಹೆಸರು ಬಾಟ್ಲಿಗೆ!

ಹಳದಿ ಬಾಟ್ಲಿಯ ಗುಟ್ಟು

ಬಿಳಿ ಬಾಟ್ಲಿಗಿಂತ ಹಳದಿ ಬಾಟ್ಲಿ ಜೋರು ಎಂಬುದು ಇನ್ನೊಂದು ನಂಬಿಕೆ. ಆ ಹಳದಿ ಎಲ್ಲಿಂದ ಬಂತು? ಬಿ ಗುಂಪಿನ ವಿಟಮಿನ್ ಇಂಜೆಕ್ಷನ್ನನ್ನು ಬಾಟ್ಲಿಗೆ ಬೆರೆಸಿದರೆ ನೀರು ಹಳದಿಯಾಗುತ್ತದೆ. ಬಣ್ಣ ರೈಬೋಫ್ಲೇವಿನ್ ಎಂಬ ವಿಟಮಿನ್ನಿನದು. ಮೈಗೆ ಬೇಕಾದ್ದಕ್ಕಿಂತ ಹೆಚ್ಚಾದದ್ದು ಸ್ವಲ್ಪ ಹೊತ್ತಿನಲ್ಲೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಮಾರನೇ ದಿನ ಮೂತ್ರ ಹಳದಿಯಾದರೆ, ಕೊಟ್ಟ ದುಡ್ಡಿನ ಒಂದು ಪಾಲು ಮೋರಿಗೆ ಹೋಯಿತೆಂದೇ ಲೆಕ್ಕ.

ಹಳದಿ ಬಣ್ಣದಿಂದ ದುಡ್ಡು ಹೋದೀತು, ಅಷ್ಟೇ. ಹೆದರಬೇಕಾದದ್ದು ಬಣ್ಣವಿಲ್ಲದ ಇಂಜೆಕ್ಷನ್ನಿಗೆ. ಅರ್ಹತೆಯಿಲ್ಲದವರು "ಪವರ್ ಇಂಜೆಕ್ಷನ್" ಎಂದು ಕೊಡುವುದರಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡು ಇದ್ದರೆ ನೋವು ಮಾಯ, ಜ್ವರ ಮಾಯ, ಹಸಿವೂ ಆಗುತ್ತದೆ. ಕೊಟ್ಟವರ ಕೈಗುಣ ಊರೆಲ್ಲಾ ಹಬ್ಬುತ್ತದೆ. ಆದರೆ ಕಾಯಿಲೆ ಹೋಗಿರುವುದಿಲ್ಲ, ಮುಚ್ಚಿಕೊಂಡಿರುತ್ತದೆ. ಸ್ಟೀರಾಯ್ಡು ಕೆಟ್ಟ ಔಷಧಿ ಎಂದಲ್ಲ. ತೀವ್ರ ಆಸ್ತಮಾದಲ್ಲಿ, ಕೆಲವು ಗಂಭೀರ ಕಾಯಿಲೆಗಳಲ್ಲಿ ಅದು ಜೀವ ಉಳಿಸುತ್ತದೆ. ಆದರೆ ಸುಸ್ತಿಗೆ, ಸೊಂಟ ನೋವಿಗೆ ತಿಂಗಳು ತಿಂಗಳೂ ಹಾಕಿಸಿಕೊಂಡರೆ ಸಕ್ಕರೆ ಏರುತ್ತದೆ, ಬಿಪಿ ಏರುತ್ತದೆ, ಮೂಳೆ ಸವೆಯುತ್ತದೆ, ಸೋಂಕು ತಡೆಯುವ ಶಕ್ತಿ ಕುಗ್ಗುತ್ತದೆ. ನೋವಿಗೆ ಕೊಡುವ ಡೈಕ್ಲೋಫೆನಾಕ್ ಇಂಜೆಕ್ಷನ್ನೂ ಅಷ್ಟೇ. ಪದೇ ಪದೇ ಹಾಕಿಸಿಕೊಂಡರೆ ಜಠರದಲ್ಲಿ ಹುಣ್ಣು, ಕಿಡ್ನಿಗೆ ಏಟು.

ಬೇಕಾದಾಗ ಬೇಕೇ ಬೇಕು

ಹಾಗೆಂದು ಬಾಟ್ಲಿಯನ್ನೇ ಬೈಯುವಂತಿಲ್ಲ. ಅದು ಹುಟ್ಟಿದ್ದೇ ಜೀವ ಉಳಿಸಲಿಕ್ಕೆ. 1832ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಾಲರಾ ಹಬ್ಬಿದಾಗ ಲೀತ್ ಎಂಬ ಊರಿನ ಥಾಮಸ್ ಲಾಟಾ ಎಂಬ ವೈದ್ಯ, ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ಮುದುಕಿಯ ನರಕ್ಕೆ ಉಪ್ಪುನೀರು ಬಿಟ್ಟ. ತಣ್ಣಗಾಗಿದ್ದ ಮೈ ಅರ್ಧ ಗಂಟೆಯಲ್ಲಿ ಬೆಚ್ಚಗಾಯಿತು, ಮುಖಕ್ಕೆ ಕಳೆ ಬಂತು. ವಾಂತಿ-ಭೇದಿ ಮರಳಿದಾಗ ನೀರನ್ನು ಮತ್ತೆ ಬಿಡದ್ದರಿಂದ ಆಕೆ ಕೆಲವು ಗಂಟೆಗಳಲ್ಲಿ ತೀರಿಹೋದಳು. ಆದರೆ ಆಮೇಲಿನ ರೋಗಿಗಳಲ್ಲಿ ಕೆಲವರು ಬದುಕಿದರು. ಇಂದಿನ ಡ್ರಿಪ್ಪಿನ ಕಥೆ ಶುರುವಾದದ್ದು ಅಲ್ಲಿಂದ.

ಈಗಲೂ ವಾಂತಿ-ಭೇದಿಯಾಗಿ ಬಾಯಲ್ಲಿ ಏನೂ ನಿಲ್ಲದವರಿಗೆ, ಪ್ರಜ್ಞೆ ತಪ್ಪಿದವರಿಗೆ, ರಕ್ತ ಹೋದವರಿಗೆ, ಆಪರೇಷನ್ ಆದವರಿಗೆ, ಮೈಯೆಲ್ಲಾ ಸುಟ್ಟವರಿಗೆ ಬಾಟ್ಲಿ ಬೇಕೇ ಬೇಕು. ಅಲ್ಲಿ ತಡಮಾಡಿದರೆ ಜೀವ ಹೋಗುತ್ತದೆ.

ಡೆಂಗ್ಯೂ ಜ್ವರವನ್ನೇ ನೋಡಿ. 2024ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಡೆಂಗ್ಯೂವಿನಲ್ಲಿ ಜ್ವರ ಇಳಿಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಆ ಒಂದೆರಡು ದಿನವೇ ಅಪಾಯದ ದಿನ. ಹೊಟ್ಟೆ ಜೋರಾಗಿ ನೋಯುವುದು, ವಾಂತಿ ನಿಲ್ಲದಿರುವುದು, ವಸಡಿನಲ್ಲಿ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಕು ಕವಿಯುವುದು: ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಓಡಬೇಕು. ಅಲ್ಲಿ ಗಂಟೆ ಗಂಟೆಗೂ ನಾಡಿ, ಬಿಪಿ, ಮೂತ್ರ ನೋಡಿಕೊಂಡು ಅಳತೆ ಮಾಡಿ ನೀರು ಬಿಡುತ್ತಾರೆ. ಕಡಿಮೆಯಾದರೂ ಕಷ್ಟ, ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬಿ ಇನ್ನೂ ಕಷ್ಟ. ಡೆಂಗ್ಯೂ ಇರಬಹುದಾದ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡದು, ರಕ್ತಸ್ರಾವ ಹೆಚ್ಚುತ್ತದೆ. "ಜ್ವರಕ್ಕೆ ಒಂದು ಸೂಜಿ ಮಾಡಿ" ಎಂದು ಹಟ ಹಿಡಿಯುವವರು ಇದನ್ನು ನೆನಪಿಡಬೇಕು.

ಸೂಜಿಯ ತುದಿಯಲ್ಲಿ ಬರುವ ಕಾಯಿಲೆ

ಚರ್ಮ ಎಂಬುದು ಮೈಗೆ ಕೋಟೆ. ಸೂಜಿ ಆ ಕೋಟೆಗೆ ತೂತು. ಸೂಜಿ ಹೊಸದಾಗಿದ್ದು, ಕೈ ಶುದ್ಧವಾಗಿದ್ದು, ಔಷಧಿ ಒಳ್ಳೆಯದಿದ್ದರೆ ಸರಿ. ಮೂರರಲ್ಲಿ ಒಂದು ಕೆಟ್ಟರೂ ಕಥೆ ಕೆಟ್ಟಿತು.

2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದಲ್ಲಿ ಹೆಪಟೈಟಿಸ್-ಬಿ ಕಾಮಾಲೆ ಹಬ್ಬಿ ಹತ್ತಾರು ಮಂದಿ ಸತ್ತರು. ಹುಡುಕಿದಾಗ ಸಿಕ್ಕಿದ್ದು ಒಮ್ಮೆ ಬಳಸಿದ ಸಿರಿಂಜುಗಳ ಮರುಬಳಕೆ. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮೌ ಪ್ರದೇಶದಲ್ಲಿ ಹತ್ತಾರು ಜನರಲ್ಲಿ ಎಚ್‌ಐವಿ ಬೆಳಕಿಗೆ ಬಂತು. ಸೈಕಲ್ ಮೇಲೆ ಬಂದು ಕಡಿಮೆ ದುಡ್ಡಿಗೆ ಇಂಜೆಕ್ಷನ್ ಕೊಡುತ್ತಿದ್ದ ಅರ್ಹತೆಯಿಲ್ಲದ ವೈದ್ಯನೊಬ್ಬ ಒಂದೇ ಸಿರಿಂಜನ್ನು ಹಲವರಿಗೆ ಚುಚ್ಚಿದ್ದನೆಂಬ ಆರೋಪ ಬಂತು. ಅಲ್ಲಿ ಚುಚ್ಚಿಸಿಕೊಂಡವರೂ ನೆಗಡಿ, ಜ್ವರ, ಸುಸ್ತು ಎಂದೇ ಹೋದವರು.

ಪಕ್ಕದ ಬಳ್ಳಾರಿಯ ಕಥೆಯನ್ನು ಯಾರೂ ಮರೆತಿರಲಾರರು. 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅನುಮಾನ ಬಿದ್ದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ. ಸರ್ಕಾರ ಆ ಪೂರೈಕೆಯ ದ್ರವವನ್ನು ತಡೆಹಿಡಿಯಿತು. ಆ ತಾಯಂದಿರಿಗೆ ಬಾಟ್ಲಿ ಬೇಕೇ ಬೇಕಾಗಿತ್ತು, ಅವರ ಮುಂದೆ ಬೇರೆ ದಾರಿ ಇರಲಿಲ್ಲ. ನೆಟ್ಟಗೆ ನಡೆದು ಬಂದು, ಬಾಯಲ್ಲಿ ನೀರು ಕುಡಿಯಬಲ್ಲವರು ಸುಮ್ಮಸುಮ್ಮನೆ ನರಕ್ಕೆ ದ್ರವ ಬಿಡಿಸಿಕೊಳ್ಳುವುದು ಏತಕ್ಕೆ ಎಂಬುದೇ ಪ್ರಶ್ನೆ.

ದ್ರವ ಸರಿಯಾಗಿದ್ದರೂ ಎಲ್ಲರ ಮೈ ಒಂದೇ ಅಲ್ಲ. ಹೃದಯದ ತೊಂದರೆ, ಕಿಡ್ನಿಯ ತೊಂದರೆ ಇರುವ ಮುದುಕರಿಗೆ ಸರಸರನೆ ಬಾಟ್ಲಿ ಏರಿಸಿದರೆ ಉಸಿರು ಕಟ್ಟಬಹುದು. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಿಲ್ಲದವರಿಗೆ ಗ್ಲೂಕೋಸು ಹಾಕಿದರೆ ಉರಿಯುವ ಬೆಂಕಿಗೆ ಎಣ್ಣೆ. ಚಿಕ್ಕ ಮಕ್ಕಳಿಗೆ ಬರೀ ಗ್ಲೂಕೋಸು ಹೆಚ್ಚಾದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಫಿಟ್ಸ್ ಬಂದೀತು.

ಕೈಯಲ್ಲೇ ಬೆಣ್ಣೆ!

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದರಂತೆ. ಬೆಣ್ಣೆದೋಸೆಯ ಊರಿನವರಿಗೆ ಈ ಗಾದೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ವಾಂತಿ-ಭೇದಿಯಾದಾಗ, ಬಿಸಿಲಿಗೆ ಬಳಲಿದಾಗ ಬಾಟ್ಲಿ ಮಾಡುವ ಕೆಲಸವನ್ನು ಬಾಯಿಂದಲೇ ಮಾಡುವ ಔಷಧಿ ಇದೆ. ಹೆಸರು ಓಆರ್‌ಎಸ್. ಅದರ ಪುಡಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ, ಆಶಾ ಕಾರ್ಯಕರ್ತೆಯರ ಬಳಿಯೂ ಇರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೊಂಡರೂ ಒಂದು ಪ್ಲೇಟು ಮಂಡಕ್ಕಿ-ಮಿರ್ಚಿಯ ದುಡ್ಡು ಆಗಲಾರದು.

ಇದರ ಹಿಂದೆಯೂ ಒಂದು ದೊಡ್ಡ ಕಥೆ ಇದೆ. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯ. ಗಡಿಯ ಬಂಗಾವ್ ಊರಿನಲ್ಲಿ ನಿರಾಶ್ರಿತರ ಶಿಬಿರಗಳು ಕಿಕ್ಕಿರಿದಿದ್ದವು, ಕಾಲರಾ ಹಬ್ಬಿತ್ತು. ರೋಗಿಗಳು ಆಸ್ಪತ್ರೆಯ ನೆಲದ ಮೇಲೆಲ್ಲಾ ಬಿದ್ದಿದ್ದರು. ಬಾಟ್ಲಿ ದ್ರವ ಮುಗಿಯುತ್ತಾ ಬಂದಿತ್ತು. ಅಲ್ಲಿದ್ದ ದಿಲೀಪ್ ಮಹಾಲನೋಬಿಸ್ ಎಂಬ ಮಕ್ಕಳ ವೈದ್ಯರು ಗ್ಲೂಕೋಸು, ಉಪ್ಪು, ಅಡುಗೆ ಸೋಡಾ ಅಳತೆಯಲ್ಲಿ ಬೆರೆಸಿ ನೀರು ಮಾಡಿಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ರೋಗಿಯ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸಿದರು. ನೂರಕ್ಕೆ ಮೂವತ್ತರ ಸುಮಾರಿಗೆ ಇದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಮನೆಯವರು ಕುಡಿಸಿದ ನೀರು ಜೀವ ಉಳಿಸಿತು. ಮುಂದೆ ಲೋಕವೆಲ್ಲಾ ಇದನ್ನು ಒಪ್ಪಿತು. ಮಹಾಲನೋಬಿಸ್ 2022ರಲ್ಲಿ ತೀರಿಕೊಂಡರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಗುಟ್ಟು ಇಷ್ಟೇ. ಕರುಳು ಸಕ್ಕರೆಯನ್ನು ಎಳೆದುಕೊಳ್ಳುವಾಗ ಜೊತೆಗೆ ಉಪ್ಪನ್ನೂ ಎಳೆದುಕೊಳ್ಳುತ್ತದೆ. ಆ ಉಪ್ಪಿನ ಹಿಂದೆ ನೀರು ಹೋಗುತ್ತದೆ. ಭೇದಿ ಆಗುತ್ತಿದ್ದಾಗಲೂ ಈ ಬಾಗಿಲು ತೆರೆದೇ ಇರುತ್ತದೆ. ಅದಕ್ಕೇ ಎರಡರ ಅಳತೆಯೂ ಸರಿ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪ್ಯಾಕೆಟ್ಟಿನಲ್ಲಿ 20.5 ಗ್ರಾಂ ಪುಡಿ ಇರುತ್ತದೆ. ಅದನ್ನು ಪೂರ್ತಿಯಾಗಿ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಹಾಕಬೇಕು. "ಸ್ವಲ್ಪ ಇವತ್ತು, ಸ್ವಲ್ಪ ನಾಳೆ" ಎಂದು ಲೋಟಕ್ಕೆ ಉದುರಿಸಿದರೆ ಅಳತೆ ತಪ್ಪುತ್ತದೆ. ಸಣ್ಣ ಪ್ಯಾಕೆಟ್ಟುಗಳೂ ಉಂಟು, ಮೇಲೆ ಬರೆದಷ್ಟೇ ನೀರು ಹಾಕಬೇಕು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು. ಉಳಿದರೆ ಚೆಲ್ಲಬೇಕು. ಮಕ್ಕಳಿಗೆ ಚಮಚೆ ಚಮಚೆಯಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಬೇಕು. ಎದೆಹಾಲು ನಿಲ್ಲಿಸಬಾರದು. ಭೇದಿಯಾದ ಮಕ್ಕಳಿಗೆ ಸತುವಿನ ಮಾತ್ರೆಯನ್ನೂ 14 ದಿನ ಕೊಡುತ್ತಾರೆ. ಭೇದಿ ನಿಂತಿತೆಂದು ಅದನ್ನು ನಡುವೆ ಬಿಡಬಾರದು.

ಪ್ಯಾಕೆಟ್ಟು ಸಿಗದ ಹೊತ್ತಿನಲ್ಲಿ ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚೆ ಸಕ್ಕರೆ, ಅರ್ಧ ಟೀ ಚಮಚೆ ಉಪ್ಪು. ಉಪ್ಪು ಹಾಕಿದ ಗಂಜಿ, ಉಪ್ಪು ಹಾಕಿದ ಮಜ್ಜಿಗೆಯೂ ಆದೀತು.

ಒಂದು ಎಚ್ಚರ. ಬಣ್ಣದ ಡಬ್ಬಿಯಲ್ಲಿ ಮಾರುವ ಸಿಹಿ ಪಾನೀಯಗಳೆಲ್ಲಾ ಓಆರ್‌ಎಸ್ ಅಲ್ಲ. ಕೆಲವದರಲ್ಲಿ ಸಕ್ಕರೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು. ಕೊಳ್ಳುವಾಗ ಸೂತ್ರ ಓದಿ ಕೊಳ್ಳುವುದು ಒಳ್ಳೆಯದು.

ಸುಸ್ತಿನ ಹಿಂದೆ ಅಡಗಿದವರು

ಸುಸ್ತು ಎಂಬುದು ಕಾಯಿಲೆಯ ಹೆಸರಲ್ಲ. ಮನೆಯ ಹೊರಗೆ ಬೊಗಳುವ ನಾಯಿ ಇದ್ದಂತೆ. ಯಾರೋ ಬಂದಿದ್ದಾರೆ ಎನ್ನುತ್ತದೆ. ನಾಯಿಯ ಬಾಯಿ ಕಟ್ಟಿ ಮಲಗಿದರೆ ಕಳ್ಳ ಹೋದಾನೆಯೇ?

ಹೆಂಗಸರ ಸುಸ್ತಿನ ಹಿಂದೆ ಬಹಳ ಸಲ ಇರುವುದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಗ್ಲೂಕೋಸಿನ ಬಾಟ್ಲಿಯಲ್ಲಿ ಕಬ್ಬಿಣಾಂಶ ಒಂದು ಚೂರೂ ಇಲ್ಲ. ಬೇಕಾದದ್ದು ಹಿಮೋಗ್ಲೋಬಿನ್ ಪರೀಕ್ಷೆ, ಆಮೇಲೆ ಕಬ್ಬಿಣದ ಮಾತ್ರೆ. ಮಾತ್ರೆಯನ್ನು ಚಹಾ-ಕಾಫಿ ಜೊತೆ ನುಂಗಿದರೆ ಅರ್ಧ ವ್ಯರ್ಥ. ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಮೈಗೆ ಹಿಡಿಯುತ್ತದೆ. ಮಲ ಕಪ್ಪಗಾದರೆ ಹೆದರಬೇಕಿಲ್ಲ, ಅದು ಕಬ್ಬಿಣದ ಬಣ್ಣ.

ಕೂತು ವ್ಯಾಪಾರ ಮಾಡುವವರ ಸುಸ್ತಿನ ಹಿಂದೆ ಸಕ್ಕರೆ ಕಾಯಿಲೆ ಇರಬಹುದು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದು, ಬಾಯಾರಿಕೆ, ತೂಕ ಇಳಿಯುವುದು ಅದರ ಗುರುತು. ಎರಡು ವಾರ ದಾಟಿದ ಕೆಮ್ಮು, ಸಂಜೆ ಸಂಜೆ ಕಾಣಿಸುವ ಸಣ್ಣ ಜ್ವರ, ಇಳಿಯುವ ತೂಕ ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಪುಕ್ಕಟೆ, ಔಷಧಿಯೂ ಪುಕ್ಕಟೆ. ತಿಂಗಳಿಗೊಂದು ಬಾಟ್ಲಿ ಹಾಕಿಸಿಕೊಂಡು ತಳ್ಳಿದರೆ ಮನೆಯವರಿಗೂ ಹರಡುತ್ತದೆ.

ಎಲ್ಲಕ್ಕಿಂತ ಅಪಾಯದ್ದು "ಗ್ಯಾಸ್ಟ್ರಿಕ್" ಎಂಬ ಹೆಸರಿನಲ್ಲಿ ಬರುವ ಹೃದಯಾಘಾತ. ಎದೆ ಹಿಡಿದಂತಾಗುವುದು, ಎಡಗೈಗೋ ದವಡೆಗೋ ನೋವು ಹರಿಯುವುದು, ಬೆವರು, ಸುಸ್ತು. ಗ್ಯಾಸಿನ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಹೋಗಿ ಮಲಗಿದವರು ಬೆಳಗ್ಗೆ ಏಳದೆ ಹೋದದ್ದುಂಟು. ಇಂಥ ಹೊತ್ತಿನಲ್ಲಿ ಮೊದಲು ಆಗಬೇಕಾದದ್ದು ಇಸಿಜಿ. 108ಕ್ಕೆ ಫೋನು ಮಾಡಬೇಕು. ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುತ್ತಾರೆ. ಹಟ ಹಿಡಿದು ಕೇಳಬೇಕಾದ ಇಂಜೆಕ್ಷನ್ ಎಂದರೆ ಇದು! ಆದರೆ ಮೊದಲ ಕೆಲವು ಗಂಟೆಗಳಲ್ಲೇ ಹೋಗಬೇಕು.

ಮಾತ್ರೆ ಅಂದ್ರೆ ಸಸಾರ ಅಲ್ಲ

"ಬರೀ ಗುಳಿಗೆ ಬರದು ಕಳ್ಸಿದ್ರು" ಎಂದು ಬೇಸರಪಡುವವರು ಬಹಳ ಮಂದಿ. ಸಾಮಾನ್ಯ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರೆ ಅರ್ಧ-ಮುಕ್ಕಾಲು ಗಂಟೆಯಲ್ಲಿ ಕೆಲಸ ಶುರುಮಾಡುತ್ತದೆ. ಇನ್ಸುಲಿನ್ನಿನಂಥ ಕೆಲವು ಔಷಧಿಗಳು ಹೊಟ್ಟೆಗೆ ಹೋದರೆ ಜೀರ್ಣವಾಗಿಬಿಡುತ್ತವೆ, ಅಂಥವಕ್ಕೆ ಸೂಜಿಯೇ ಬೇಕು. ಮಿಕ್ಕ ಬಹುಪಾಲಿಗೆ ಬಾಯಿಯೇ ಸಾಕು.

ಆದರೆ ಮಾತ್ರೆಗೂ ಲೆಕ್ಕ ಬೇಕು. ದೊಡ್ಡವರು ದಿನಕ್ಕೆ ಒಟ್ಟು 4 ಗ್ರಾಂ, ಅಂದರೆ 500 ಮಿಲಿಗ್ರಾಮಿನ ಎಂಟು ಪ್ಯಾರಾಸಿಟಮಾಲ್ ದಾಟಲೇಬಾರದು. ಕುಡಿತ ಇರುವವರು, ಲಿವರ್ ತೊಂದರೆ ಇರುವವರು ಡಾಕ್ಟರನ್ನು ಕೇಳಿ ಇನ್ನೂ ಕಡಿಮೆ ಮಾಡಬೇಕು. ನೆಗಡಿ ಮಾತ್ರೆ, ಮೈ-ಕೈ ನೋವಿನ ಮಾತ್ರೆ, ಜ್ವರದ ಮಾತ್ರೆ ಎಂದು ಮೂರು ಹೆಸರಿನಲ್ಲಿ ಕೊಂಡದ್ದರಲ್ಲಿ ಮೂರರಲ್ಲೂ ಪ್ಯಾರಾಸಿಟಮಾಲೇ ಇರಬಹುದು! ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡಾದರೂ ಓದಬೇಕು. 12 ವರ್ಷದ ಕೆಳಗಿನ ಮಕ್ಕಳಿಗೆ ನಿಮೆಸುಲೈಡ್ ಕೂಡದೆಂದು ಸರ್ಕಾರ 2011ರಲ್ಲೇ ನಿಷೇಧಿಸಿದೆ.

ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ. ಆಂಟಿಬಯೋಟಿಕ್‌ಗಳು ಈ ಸಾಲಿನವು. ಈ ಗೆರೆಯ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೇ ನಡೆಸಿತು. ವೈರಸ್ಸಿನ ನೆಗಡಿಗೆ ಆಂಟಿಬಯೋಟಿಕ್ ಏನೂ ಮಾಡಲಾರದು. ಸುಮ್ಮನೆ ನುಂಗುತ್ತಾ ಹೋದರೆ ಒಳಗಿನ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗದಂತೆ ಪಳಗುತ್ತವೆ. ಮುಂದೆ ನಿಜವಾಗಿ ನ್ಯುಮೋನಿಯಾ ಬಂದ ದಿನ ಔಷಧಿ ಸೋಲುತ್ತದೆ.

ಡಾಕ್ಟರ ಪಾಡು

ತಪ್ಪೆಲ್ಲಾ ಜನರದೇ ಎಂದರೆ ಅನ್ಯಾಯ. ತಪ್ಪೆಲ್ಲಾ ಡಾಕ್ಟರದೇ ಎಂದರೂ ಅನ್ಯಾಯವೇ. ಹತ್ತು ನಿಮಿಷ ಕೂರಿಸಿಕೊಂಡು "ಗಂಜಿ ಕುಡೀರಿ, ಎರಡು ದಿನ ಮಲಗ್ರಿ" ಎಂದು ಹೇಳುವ ಡಾಕ್ಟರಿಗೆ ಫೀಸು ಕೊಡಲು ಕೈ ಬಾರದು. ಎರಡೇ ನಿಮಿಷದಲ್ಲಿ ಬಾಟ್ಲಿ ತೂಗುಹಾಕುವವರಿಗೆ ಕೇಳಿದಷ್ಟು ಕೊಟ್ಟು ಬರುತ್ತಾರೆ. ಹೀಗಾದರೆ ಪ್ರಾಮಾಣಿಕರು ಎಷ್ಟು ದಿನ ಪ್ರಾಮಾಣಿಕರಾಗಿ ಉಳಿದಾರು? ಬೇಡ ಎಂದರೆ ರೋಗಿ ಎದುರಿನ ಕ್ಲಿನಿಕ್ಕಿಗೆ ಹೋಗುತ್ತಾನೆ. ಅಲ್ಲಿ ಹಾಕುತ್ತಾರೆ. ಅವನು ಗುಣವಾದ ಮೇಲೆ ಹೊಗಳುವುದೂ ಅವರನ್ನೇ.

ಒಂದು ದಿನ ರಜೆ ಹಾಕಿದರೆ ಸಂಬಳ ಮುರಿಯುವ ಮಾಲೀಕರೂ ಈ ಲೆಕ್ಕದಲ್ಲಿ ಬರುತ್ತಾರೆ. ಕೆಲಸದ ಹುಡುಗನಿಗೆ ಜ್ವರ ಬಂದರೆ "ಹೋಗಿ ಒಂದು ಸೂಜಿ ಮಾಡಿಸ್ಕಂಡು ಬಾ" ಎನ್ನುವ ಬದಲು "ಮಲಗು ಹೋಗು, ನಾಳೆ ಬಾ" ಎಂದರೆ ಅರ್ಧ ಬಾಟ್ಲಿಗಳ ಅಗತ್ಯವೇ ಇರುವುದಿಲ್ಲ.

ಕೇಳಬೇಕಾದ ನಾಲ್ಕು ಮಾತು

ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಅದರಂತೆ ಪ್ರತಿ ಕ್ಲಿನಿಕ್ಕೂ ನೋಂದಣಿ ಮಾಡಿಸಿರಬೇಕು, ದರಪಟ್ಟಿ ಕಾಣುವಂತೆ ಹಾಕಿರಬೇಕು. ಬಾಟ್ಲಿಯ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ಬೇಳೆ ಕೊಳ್ಳುವಾಗ ಚೌಕಾಶಿ ಮಾಡುವವರು ನರಕ್ಕೆ ಬಿಡಿಸಿಕೊಳ್ಳುವ ದ್ರವದ ಬೆಲೆ ನೋಡಲು ನಾಚಬೇಕಿಲ್ಲ.

ಬಾಟ್ಲಿ ಎಂದಾಗ ಮರ್ಯಾದೆಯಿಂದಲೇ ನಾಲ್ಕು ಮಾತು ಕೇಳಬಹುದು. "ಡಾಕ್ಟ್ರೇ, ನನಗೆ ಏನಾಗೈತಿ?" "ಇದನ್ನ ಬಾಯಲ್ಲಿ ತಗಂಡ್ರೆ ನಡೆಯಲ್ವಾ?" "ಇದ್ರೊಳಗೆ ಏನೇನು ಔಷಧಿ ಸೇರ್ಸೀರಿ, ಚೀಟಿಯಲ್ಲಿ ಬರದು ಕೊಡ್ರಿ." "ಹೊಸ ಸೂಜಿ ನಮ್ಮ ಮುಂದೇನೇ ಒಡೀರಿ." ಒಳ್ಳೆಯ ಡಾಕ್ಟರಿಗೆ ಈ ಮಾತಿನಿಂದ ಸಿಟ್ಟು ಬರುವುದಿಲ್ಲ, ಹೊರೆ ಇಳಿದಂತಾಗುತ್ತದೆ. ಸಿಟ್ಟು ಬಂದರೆ ಎದ್ದು ಬರಲು ಅದೇ ಕಾರಣ ಸಾಕು. ಸಕ್ಕರೆ, ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದರೆ, ಬಸುರಿಯಾಗಿದ್ದರೆ, ಯಾವುದಾದರೂ ಔಷಧಿ ಒಗ್ಗದಿದ್ದರೆ ಡಾಕ್ಟರು ಕೇಳುವವರೆಗೆ ಕಾಯದೆ ಮೊದಲೇ ಹೇಳಬೇಕು.

ಬಾಟ್ಲಿಗೆ ಎತ್ತಿಟ್ಟ ದುಡ್ಡಿನಲ್ಲಿ ಹಿಮೋಗ್ಲೋಬಿನ್ ಮತ್ತು ಸಕ್ಕರೆ ಪರೀಕ್ಷೆ ಎರಡೂ ಆಗುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ, 2022ರಿಂದ ಪಟ್ಟಣಗಳಲ್ಲಿ ತೆರೆದಿರುವ ನಮ್ಮ ಕ್ಲಿನಿಕ್‌ಗಳಲ್ಲಿ ಇನ್ನೂ ಅಗ್ಗ. ಮೂಗಿಗಿಂತ ಮೂಗುತಿ ಭಾರವಾಗಬಾರದು. ಮುಂದಿನ ಸಲ ಸುಸ್ತು ಎಂದು ಹೋದವರು ಡಾಕ್ಟರ ಮುಂದೆ ಕೈ ಚಾಚುವ ಮೊದಲು ಬಾಯಿ ತೆರೆದು, ಸುಸ್ತಿಗೆ ಕಾರಣ ಏನೆಂದು ಕೇಳಲಿ.